ಗೊಬ್ಬರ ಕುಡಿಯುವ ಕೊಳವೆ

೧೮ ಸೆಪ್ಟೆಂಬರ್ ೨೦೨೫, ಗುರುವಾರ

ಇವತ್ತು ಹೊಲದಲ್ಲಿ ಬುತ್ತಿ ಬಿಚ್ಚಿದವಳು ಉಣ್ಣದೆ ಹಾಗೇ ಕಟ್ಟಿಕೊಂಡು ಬಂದೆ. ತುತ್ತು ಬಾಯಿಯ ಹತ್ತಿರ ಬರುವಷ್ಟರಲ್ಲಿ ಆ ನಾತ ಮೂಗಿಗೆ ಬಡಿಯಿತು. ಸೊಸೆ ಶಾಂಭವಿ ಹೊಸದಾಗಿ ತರಿಸಿದ ಕರೀ ಗೊಬ್ಬರದ ನೀರು ಅದು. ಸಮುದ್ರದ ಪಾಚಿಯಿಂದ ಮಾಡಿದ್ದಂತೆ. ಪಾಚಿಯೋ ಮತ್ತೊಂದೋ, ನನ್ನ ಮೂಗಿಗೆ ಅದು ಸತ್ತ ಮೀನು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಉಣ್ಣಲು ಕೂಡುವ ಜಾಗದ ಬಾಜೂಕೇ ಅದನ್ನು ಬಕೆಟ್ಟಿನಲ್ಲಿ ಕಲಸಿ, ನೀಲಿ ಡ್ರಮ್ಮಿಗೆ ಸುರುವಿ, ಸೀರೆಯ ಮೇಲೆ ಹಾಕಿಕೊಂಡ ಗಂಡನ ಹಳೇ ಅಂಗಿಗೆ ಕೈ ಒರೆಸಿಕೊಂಡಳು. ಅದೇ ಕೈಯಲ್ಲಿ ನನಗೆ ಉಪ್ಪಿನಕಾಯಿ ಬಡಿಸಲು ಬಂದಳು!

ಇಂಥದನ್ನು ಅಳ್ನಾವರದ ತಂಗಿ ನಂದಾಳಿಗೆ ಕಾಗದದಲ್ಲಿ ಬರೆಯಲಾರೆ. ಅವಳಿಗೆ ಬರೆದರೆ ಸೊಸೆಯ ಮೇಲೆ ಚಾಡಿ ಹೇಳಿದಂತಾಗುತ್ತದೆ, ಬರೆಯದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಮಗ ಪ್ರಭು ಒಂದನೇ ಇಯತ್ತೆಯಲ್ಲಿ ತಿದ್ದಿದ ಪಾಟಿಯ ಮೇಲೆಯೇ ಅವನು ಮಲಗಿದ ಮೇಲೆ ತಿದ್ದಿ ಅಕ್ಷರ ಕಲಿತವಳು ನಾನು. ತಪ್ಪಿದ್ದರೆ ಇರಲಿ, ಓದುವವಳೂ ನಾನೇ.

ಶಾಂಭವಿ ಹೊಲಕ್ಕೆ ಹಾಕಿಸಿದ ಹನಿನೀರಾವರಿಯ ಸಾಮಾನಿನ ಚಂದ ಹೇಳಬೇಕು. ಹೊಂಡದ ನೀರನ್ನು ಮೋಟಾರು ಎಳೆದು ಪೈಪಿಗೆ ನೂಕುತ್ತದೆ. ನಡುವೆ ಒಂದು ಕಡೆ ಪೈಪಿನ ಸೊಂಟ ಸಣ್ಣಗಾಗುತ್ತದೆ. ಅದರ ಹೆಸರು ವೆಂಚುರಿ. ನೀರು ಆ ಸಂದಿಯಲ್ಲಿ ನುಗ್ಗಿ ಓಡುವಾಗ, ಅಲ್ಲಿಗೆ ಸಿಕ್ಕಿಸಿದ ಸಣ್ಣ ಕೊಳವೆ ಡ್ರಮ್ಮಿನಿಂದ ಗೊಬ್ಬರದ ನೀರನ್ನು ತಾನೇ ಹೀರುತ್ತದೆ. ಮುಂದೆ ಒಂದು ಜಾಳಿಗೆಯ ಫಿಲ್ಟರು. ಅದನ್ನು ದಾಟಿದರೆ ಸಾಲುಸಾಲು ಪೈಪು, ಗಿಡಕ್ಕೊಂದು ಅಂಗಿಯ ಗುಂಡಿಯಂಥ ಪ್ಲಾಸ್ಟಿಕ್ ಗುಂಡಿ, ಗುಂಡಿಯಿಂದ ಹನಿ. ಹೀರುವಾಗಿನ ಸದ್ದನ್ನು ಮಾತ್ರ ಕೇಳಬಾರದು. ಹಲ್ಲುದುರಿದ ಮುದುಕ ಬಸಿಯಲ್ಲಿ ಚಹಾ ಸೊರಸೊರ ಎಳೆದ ಹಾಗೆ. ಹೇಸಿಗೆ.

ಹೊಲ ನನ್ನ ಹೆಸರಿಗಿದೆ. ಪ್ರಭುವಿಗೆ ನವಲಗುಂದದಲ್ಲಿ ಆಫೀಸು, ಮಣ್ಣೆಂದರೆ ಆಗುವುದಿಲ್ಲ. ಊರಿನ ಸಣ್ಣಪ್ಪನಿಗೆ ವರ್ಷಕ್ಕಿಷ್ಟೆಂದು ಲಾವಣಿಗೆ ಕೊಟ್ಟುಬಿಟ್ಟರೆ ಅವನು ಬಿತ್ತಿಕೊಳ್ಳುತ್ತಾನೆ, ನಾವು ಮನೆಯಲ್ಲಿ ಕೂತು ಉಣ್ಣಬಹುದು ಎನ್ನುವುದು ಅವನ ಮಾತು. ಶಾಂಭವಿ ಮಾತ್ರ ಹಟ ಹಿಡಿದಳು: "ಒಂದ ಪೀಕು ನನಗ ಬಿಡ್ರಿ ಅತ್ತಿ. ಮೆಣಸಿನಗಿಡ ಹೆಂಗ ಬರ್ತಾವ ನೋಡಿ ಆಮ್ಯಾಲ ಕೊಡ್ರಿ." ಗೌರಿ ಹುಣ್ಣಿಮೆಗೆ ಗಿಡ ನೋಡಿ ಮಾತು ಮುಗಿಸುತ್ತೇನೆಂದು ಇಬ್ಬರಿಗೂ ಹೇಳಿದ್ದೇನೆ. ನನ್ನ ಮನಸ್ಸು ಈಗಾಗಲೇ ಸಣ್ಣಪ್ಪನ ಕಡೆ ಇದೆ. ಈ ನಾತದಿಂದ ಪಾರಾದರೆ ಸಾಕು.

೨೭ ಸೆಪ್ಟೆಂಬರ್, ಶನಿವಾರ

ಆ ಸಾಮಾನು ಕೂಡಿಸಿದ ಅಕ್ಬರಸಾಬ ಬಂದಿದ್ದ. ಊರ ಬಸ್ಟ್ಯಾಂಡಿನ ಹತ್ತಿರ ಅವನ ಪೈಪಿನ ಅಂಗಡಿ. ಕೊಳವೆ ಹೀರುವುದು ಕಡಿಮೆಯಾಗಿದೆ ಎಂದು ಶಾಂಭವಿ ಕರೆಸಿದ್ದಳು. ಬಂದವನೇ ಡ್ರಮ್ಮಿನೊಳಗಿದ್ದ ಕೊಳವೆಯನ್ನು ಎಳೆದು, ತುದಿಯನ್ನು ಬಾಯಲ್ಲಿಟ್ಟು ಊದಿದ.

"ಅಯ್ಯ ಸಾಬಾ, ಅದನ್ನ ಬಾಯಾಗ ಇಟಗೊಂಡೆಲ್ಲೋ!"

"ಊದಿದ್ರನ ದಾರಿ ಐತೋ ಇಲ್ಲೋ ತಿಳೀತೈತ್ರಿ ಯವ್ವಾ. ಸ್ವಲ್ಪ ಉಪ್ಪುಪ್ಪು ಅನಸ್ತೈತಿ, ಅಷ್ಟ."

"ಅದರಾಗ ಮೀನ ಐತಿ."

"ಪಾಚಿ ಅಲ್ಲೇನ್ರಿ ಅದು. ಮೀನಿದ್ದಿದ್ರ ನಮ್ಮ ರೇಷ್ಮಾಬಿ ಸಾರ ಕುದಿಸ್ತಿದ್ಲು. ನಾ ಇಲ್ಲಿ ಪುಂಗಿ ಊದಕೋಂತ ಯಾಕ ಕುಂದರತಿದ್ದೆ?"

ಶಾಂಭವಿ ಬದುವಿನ ಮೇಲೆ ಕೂತು ಬಿದ್ದುಬಿದ್ದು ನಕ್ಕಳು. ಈ ಮನೆಗೆ ಬಂದ ಮೇಲೆ ಅವಳು ಅಷ್ಟು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಹೊಲಕ್ಕೆ ಬಂದರೆ ಹೆಣ್ಣುಮಕ್ಕಳ ದನಿಯೂ ಬದಲಾಗುತ್ತದೆ. ಸಾಬ ಬಾಯಿ ಮುಕ್ಕಳಿಸದೆಯೇ ಚಹಾ ಕುಡಿದ. ಗಿಡಗಳೇನೋ ಚೆನ್ನಾಗಿವೆ, ಎಲೆ ಎಣ್ಣೆ ಸವರಿದ ಹಾಗಿದೆ. ಅದು ಮಣ್ಣಿನ ಗುಣ. ಎರೆಹೊಲ ಯಾರಿಗೂ ಮೋಸ ಮಾಡುವುದಿಲ್ಲ.

೭ ಅಕ್ಟೋಬರ್, ಮಂಗಳವಾರ. ಸೀಗಿ ಹುಣ್ಣಿಮೆ

ಮನಸ್ಸು ತಂಪಾಗಿದೆ.

ಬಸುರಿ ಭೂಮಿತಾಯಿಗೆ ಬಯಕೆಯ ಊಟ ಹಾಕುವ ದಿನ. ನಸುಕಿನಲ್ಲೇ ಎದ್ದು ಅತ್ತೆ ಸೊಸೆ ಕೂಡಿ ಎಳ್ಳಹೋಳಿಗೆ, ಶೇಂಗಾಹೋಳಿಗೆ, ಕಡುಬು, ಪುಂಡಿಪಲ್ಲೆ, ಎಣ್ಣೆಗಾಯಿ, ಮೊಸರನ್ನ ಎಲ್ಲ ಮಾಡಿದೆವು. ಈ ಚರಗವನ್ನು ಹೊಲದ ತುಂಬ ಚೆಲ್ಲಬೇಕು. ಮುಂದಿನವರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಚೆಲ್ಲಿದರೆ ಹಿಂದಿನವರು ನೀರು ಚಿಮುಕಿಸುತ್ತ ಹೋಗಬೇಕು. ನಮ್ಮ ಯಜಮಾನರಿದ್ದಾಗ ಅವರು ಮುಂದೆ, ನಾನು ಹಿಂದೆ. ಅವರ ದನಿಗೆ ಮೂರು ಹೊಲದಾಚೆಯವರು ಓಗೊಡುತ್ತಿದ್ದರು.

ಮೊನ್ನೆಯ ಮಳೆಗೆ ಮಣ್ಣು ಕಾಲು ಕಚ್ಚುತ್ತಿತ್ತು. ಪ್ರಭು ಬದುವಿನ ಮೇಲೆಯೇ ಅರ್ಧ ಸುತ್ತಿ, ಬೂಟು ಕೆಟ್ಟಿತೆಂದು ತಿರುಗಿ ಬಂದ. ಕೂಗಿದ್ದೂ ಫೋನಿನಲ್ಲಿ ಮಾತಾಡಿದಷ್ಟೇ ದನಿಯಲ್ಲಿ. ಒಳಗಿಳಿದರೆ ಪೈಪು ತುಳಿಯುತ್ತೀರಿ ಎಂದು ಶಾಂಭವಿ ಕಾವಲು ನಿಂತಳು. ನನ್ನ ಮೊಣಕಾಲು ಬದು ಹತ್ತುವುದಕ್ಕೇ ಒಲ್ಲೆನ್ನುತ್ತದೆ. ಬುಟ್ಟಿಯಲ್ಲಿ ಮುಕ್ಕಾಲು ಚರಗ ಹಾಗೇ ಉಳಿಯಿತು. ನಡುಹೊಲಕ್ಕೆ ಒಂದು ಅಗುಳೂ ಮುಟ್ಟಲಿಲ್ಲ. ಬಸುರಿಯನ್ನು ಕರೆದು ಕೂರಿಸಿ ಎಲೆಯ ಅಂಚಿಗಷ್ಟೇ ಬಡಿಸಿ ಎಬ್ಬಿಸಿದಂತೆ ಆಯಿತಲ್ಲ ಎಂದು ಕರುಳು ಚುರ್ ಎಂದಿತು.

ಅಷ್ಟರಲ್ಲಿ ಕರೆಂಟು ಬಂತು. ಶಾಂಭವಿ ಮೋಟಾರು ಹಾಕಿ, ಹನಿ ಬೀಳುತ್ತವೋ ಇಲ್ಲವೋ ನೋಡಲು ಸಾಲಿನೊಳಗೆ ಹೋದಳು. ಕೊಳವೆ ತನ್ನ ಸೊರಸೊರ ಶುರು ಮಾಡಿತು. ಆಗ ನನಗೆ ಹೊಳೆಯಿತು. ಈ ಡ್ರಮ್ಮಿಗೆ ಹಾಕಿದ್ದು ಪ್ರತಿ ಗಿಡದ ಬುಡಕ್ಕೂ ಹೋಗುತ್ತದೆಂದು ಅವಳೇ ಅಲ್ಲವೇ ದಿನಾ ಹೇಳುವುದು? ಮತ್ತೆ ನಾನೇಕೆ ನಡೆಯಬೇಕು?

ಹೋಳಿಗೆ, ಕಡುಬು, ಅನ್ನ ಎಲ್ಲವನ್ನೂ ಮಜ್ಜಿಗೆ ಹಾಕಿ, ಹಲ್ಲು ಬಾರದ ಕೂಸಿಗೆ ನುರಿಯುವ ಹಾಗೆ ನುಣ್ಣಗೆ ನುರಿದೆ. ಮೇಲೆ ತುಪ್ಪ ಧಾರಾಳವಾಗಿ ಬಿಟ್ಟೆ. ಡ್ರಮ್ಮಿಗೆ ಸುರುವಿ ಕೋಲಿನಿಂದ ತಿರುವಿದೆ. ಕೊಳವೆ ಗುಟುಕು ಗುಟುಕಾಗಿ ಎಲ್ಲ ಕುಡಿಯಿತು. ಕುಡಿಯುವ ಸದ್ದು ಇವತ್ತು ಕೆಟ್ಟದೆನಿಸಲಿಲ್ಲ. ಕೈಮುಗಿದು "ಹುಲ್ಲುಲ್ಲಿಗೋ" ಎಂದೆ, ನನಗಷ್ಟೇ ಕೇಳುವ ಹಾಗೆ. ಈ ವರ್ಷ ತಾಯಿ ಹೊಟ್ಟೆ ತುಂಬ ಉಂಡಿದ್ದಾಳೆ. ಒಂದು ಗಿಡವೂ ಉಪವಾಸವಿಲ್ಲ.

೧೨ ಅಕ್ಟೋಬರ್, ಭಾನುವಾರ

ಡ್ರಮ್ಮಿನ ಹತ್ತಿರ ನೊಣದ ಜಾತ್ರೆ. ಹುಳಿನಾತ, ಕೊಳೆನಾತ, ಸತ್ತ ಇಲಿಯ ನಾತ ಎಲ್ಲ ಕೂಡಿದ್ದು ಅಲ್ಲಿದೆ. ಇದೂ ಪಾಚಿಯದೇ ಪ್ರತಾಪ ಇರಬೇಕು. ಸೆರಗು ಮೂಗಿನಿಂದ ತೆಗೆಯಲಿಲ್ಲ.

೧೫ ಅಕ್ಟೋಬರ್, ಬುಧವಾರ

ನಡುಹೊಲದ ಗಿಡ ಬಾಡಿವೆ. ಮಳೆ ಹೋಯಿತು, ಬಿಸಿಲು ಬೆನ್ನು ಸುಡುತ್ತದೆ, ಅತ್ತ ಹನಿ ಬೀಳುತ್ತಿಲ್ಲ. ಮೋಟಾರು ಓಡುತ್ತದೆ, ಕೊಳವೆ ಹೀರುವುದಿಲ್ಲ. ಬಾಡಿದ ಗಿಡದ ಹೂವು ಮುಟ್ಟಿದರೆ ಉದುರುತ್ತದೆ. ಹೂ ಉದುರಿದರೆ ಕಾಯಿ ಎಲ್ಲಿಂದ ಬರಬೇಕು? ಶಾಂಭವಿ ಕೊಡದಲ್ಲಿ ನೀರು ಹೊತ್ತು ಸಾಲಿಗೆ ಹಾಕುತ್ತಿದ್ದಾಳೆ. ಅಷ್ಟು ದೊಡ್ಡ ಹೊಲಕ್ಕೆ ಕೊಡದ ನೀರು! ನಾನು ಬೇಡವೆಂದರೂ ಕೇಳಲಿಲ್ಲ.

ಸಣ್ಣಪ್ಪ ಹಾದಿಯ ಮೇಲೆ ಗಾಡಿ ನಿಲ್ಲಿಸಿ ಮೂಗು ಮುಚ್ಚಿಕೊಂಡ. "ಏನಬೇ ಕಸ್ತೂರೆವ್ವಾ, ಹೊಲದಾಗ ದನಾ ಸತ್ತೈತೇನ?" ಎಂದ. ತಂಬಾಕು ಪಿಚಕ್ಕನೆ ನಮ್ಮ ಬದುವಿಗೇ ಉಗುಳಿದ.

ಸಂಜೆ ಪ್ರಭು, "ನಾ ಮೊದಲ ಹೇಳಿದ್ನಿ. ಹುಣ್ಣಿಮಿ ತನಕ ಕಾಯೂದು ಏನೈತಿ?" ಎಂದ. ಶಾಂಭವಿ ರೊಟ್ಟಿ ಬಡಿಯುತ್ತಿದ್ದಳು, ಬಡಿಯುತ್ತಲೇ ಇದ್ದಳು. ರೊಟ್ಟಿ ಹರಿದರೂ ಬಡಿಯುತ್ತಿದ್ದಳು.

ಎಲ್ಲ ಆ ಅಕ್ಬರಸಾಬನ ಕೆಲಸ. ಹಗುರ ಮಾಲು ತಂದು ತಲೆಗೆ ಕಟ್ಟಿದ್ದಾನೆ. ನಾಳೆ ಬರಲಿ, ಬಿಡುವುದಿಲ್ಲ.

೧೬ ಅಕ್ಟೋಬರ್, ಗುರುವಾರ

ಬರೆಯಬಾರದು ಅಂದುಕೊಂಡೆ. ಬರೆಯುತ್ತಿದ್ದೇನೆ.

ಸಾಬ ಬಂದ ಕೂಡಲೇ ನಾನು ಬಾಯಿಗೆ ಬಂದದ್ದು ಅಂದೆ. ಕಳ್ಳ ಎಂದೆ, ಸುಳ್ಳ ಎಂದೆ, ಹೆಣ್ಣುಮಗಳ ಪೀಕು ತಿಂದೆ ಎಂದೆ. ಅವನು "ಆತ್ರಿ ಯವ್ವಾ, ಆತ್ರಿ, ಮೊದಲ ಬಿಚ್ಚಿ ನೋಡೂಣು, ಆಮ್ಯಾಲ ಬೈಯ್ರಿ" ಎನ್ನುತ್ತ ಫಿಲ್ಟರಿನ ತಿರುಪು ಬಿಚ್ಚಿದ. ಒಳಗಿನ ಜಾಳಿಗೆಯನ್ನು ಎಳೆದ. ಅದು ಜಾಳಿಗೆಯಂತೆ ಇರಲೇ ಇಲ್ಲ. ಬೂದಿಬಣ್ಣದ ಲೋಳೆ, ಮೇಲೆ ಹಳದಿ ಜಿಡ್ಡು, ಅದರಲ್ಲಿ ಮಿಜಿಮಿಜಿ ಹುಳು. ನಾತಕ್ಕೆ ಸಾಬನೂ ಮುಖ ತಿರುಗಿಸಿದ. ಕೊಳವೆಯನ್ನು ಬಾಯಲ್ಲಿಟ್ಟುಕೊಳ್ಳುವವನು!

ಕಡ್ಡಿಯಿಂದ ಕೆದಕಿದ. ಎಳ್ಳು. ಪುಂಡಿಸೊಪ್ಪಿನ ನಾರು. ಬೆರಳಿನಲ್ಲಿ ಜಿಡ್ಡು ತಿಕ್ಕಿ ಮೂಸಿದ. ಎದ್ದು ನಿಂತು ನನ್ನನ್ನೂ ಅವಳನ್ನೂ ನೋಡಿದ.

"ತಂಗೀ, ಇದು ಗೊಬ್ಬರ ಅಲ್ಲವಾ. ಇದು ಊಟ. ತುಪ್ಪಾ ಹಾಕಿದ ಊಟ."

ಶಾಂಭವಿ ನನ್ನ ಕಡೆ ತಿರುಗಿದಳು. "ಅತ್ತಿ?"

"ಚರಗ ಅದು," ಎಂದೆ. "ನಡುಹೊಲಕ್ಕ ಯಾರೂ ಹಾಕಿದ್ದಿಲ್ಲ."

ಸಾಬನಿಗೆ ನಗು ತಡೆಯಲಿಲ್ಲ. ತಡೆಯಲು ನೋಡಿದ, ಮೀಸೆ ಕುಣಿಯಿತು. "ಭೂಮಿತಾಯಿ ಉಣ್ತಾಳ್ರಿ ಯವ್ವಾ. ಪೈಪ ಉಣ್ಣಂಗಿಲ್ಲ. ತುಪ್ಪಾ ಹೋಗಿ ಗುಂಡಿಗುಂಡಿಗೂ ಕುಂತೈತಿ. ಎಲ್ಲಾ ಬಿಚ್ಚಿ ತೊಳೀಬೇಕು."

ಶಾಂಭವಿ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಾಳಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು, ಕುಕ್ಕರಗಾಲಲ್ಲಿ ಕೂತು ಬರಿಗೈಯಿಂದ ಬಳಿಯತೊಡಗಿದಳು. ನಾನು ಸ್ನಾನ ಮಾಡಿ, ಮಡಿಯುಟ್ಟು, ಬೇಯಿಸಿದ ಅನ್ನ. ಅದರ ನಾತಕ್ಕೆ ನಾನೇ ಸೆರಗು ಮೂಗಿಗೆ ಹಿಡಿದೆ. ಬದುವಿನಾಚೆ ಹೋಗಿ ಕಾರಿಕೊಂಡೆ. ಥೂ ಎಂದೆ. ಯಾವುದಕ್ಕೆ ಅಂದೆನೋ.

ಪ್ರಭು ಬಂದು ಏನಾಗಿತ್ತೆಂದು ಕೇಳಿದಾಗ ಶಾಂಭವಿ ತಲೆಯೆತ್ತದೆ, "ಹೊಂಡದ ಪಾಚಿ ಸಿಕ್ಕಿತ್ತು" ಎಂದಳು. "ಪಾಚಿಗೆ ಬಂದ್ ಬೀಳೂ ಸಾಮಾನು ನಮಗ್ಯಾಕ ಬೇಕು?" ಎಂದ ಅವನು. ಅವಳು ಜಾಳಿಗೆ ತಿಕ್ಕುತ್ತಲೇ ಇದ್ದಳು. ತನ್ನ ಮಾತು ಸೋಲುತ್ತದೆಂದು ಗೊತ್ತಿದ್ದೂ ಹಾಗೆ ಹೇಳಿದಳು. ನನಗೆ ಸುಳ್ಳೆಂದರೆ ಮೈಯುರಿಯುತ್ತದೆ.

೧೭ ಅಕ್ಟೋಬರ್, ಶುಕ್ರವಾರ

ಉಣ್ಣಲಿಲ್ಲ. ಮೈಯಲ್ಲಿ ಹುಷಾರಿಲ್ಲ ಎಂದೆ.

೧೯ ಅಕ್ಟೋಬರ್, ಭಾನುವಾರ

ಮೂರು ಸಲ ಸೀಗೆಕಾಯಿ ಹಾಕಿ ತಿಕ್ಕಿದರೂ ಕೈಯ ನಾತ ಹೋಗಿಲ್ಲ. ಈ ಕಾಗದಕ್ಕೂ ಹತ್ತಿರಬೇಕು.

ನಿನ್ನೆ ಸಾಬ ಬ್ಲೀಚಿಂಗ್ ಪುಡಿಯ ನೀರನ್ನು ಪೈಪಿಗೆ ತುಂಬಿಸಿ ಹಾಗೇ ಬಿಟ್ಟಿದ್ದ. ಇವತ್ತು ಸಾಲಿನ ತುದಿಯ ಮುಚ್ಚಳ ಬಿಚ್ಚಿದರೆ ಒಳಗಿನಿಂದ ಬಂದದ್ದನ್ನು ಏನೆಂದು ಬರೆಯಲಿ? ನೆಗಡಿಯಾದ ಕೂಸಿನ ಮೂಗಿನಿಂದ ಬಂದ ಹಾಗೆ, ಎಳೆ ಎಳೆಯಾಗಿ. ಗುಂಡಿಗಳನ್ನು ಒಂದೊಂದಾಗಿ ಕಿತ್ತು, ಬಿಸಿನೀರಿನಲ್ಲಿ ಅದ್ದಿ, ಉಜ್ಜಿ, ಕಡ್ಡಿ ಹಾಕಿ, ಮತ್ತೆ ಸಿಕ್ಕಿಸಬೇಕು. ಶಾಂಭವಿ ಒಬ್ಬಳೇ ಸಾಲಿನಲ್ಲಿ ಕೂತಿದ್ದಳು. ನಾನು ನೋಡುತ್ತ ಕೂತೆ. ಅವಳು ಉಜ್ಜುವುದು ಸರಿಯಿರಲಿಲ್ಲ. ಮೇಲೆ ಮೇಲೆ ಉಜ್ಜಿ ಎಸೆಯುತ್ತಿದ್ದಳು. ತುಪ್ಪದ ಜಿಡ್ಡು ಹಾಗೆ ಬಿಡುತ್ತದೆಯೇ? ತುಪ್ಪದ ಪಾತ್ರೆ ಎಷ್ಟು ತೊಳೆದಿಲ್ಲ ನಾನು!

"ಇಲ್ಲಿ ತಾ," ಎಂದೆ. "ಬೂದಿ ಹಚ್ಚಬೇಕು ಇದಕ್ಕ."

"ಬ್ಯಾಡ್ರಿ ಅತ್ತಿ, ನಿಮಗ ಹೇಸಿಗಿ ಬರ್ತೈತಿ."

"ಬರ್ತೈತಿ ಮತ್ತ. ಬರದ ಇರ್ತೈತೇನು? ತಾ ಅಂದ್ರ ತಾ."

ಸಾಲಿನಲ್ಲಿ ಕೂತೇ ಸರಿದೆ. ಕೂತು ಸರಿದರೆ ಮೊಣಕಾಲಿಗೆ ನೋವಿಲ್ಲ. ಅವಳು ಕಿತ್ತು ಕೊಡುವುದು, ನಾನು ಉಜ್ಜುವುದು. ಒಂದು ಸಾಲು ಮುಗಿಯಿತು. ಆಮೇಲೆ ಅವಳು ತಟ್ಟನೆ, "ನನಗ ಒಂದ ಮಾತ ಕೇಳಿದ್ರ ಆಗ್ತಿತ್ತು ಅತ್ತಿ. ನಾನ ಹೊತಗೊಂಡ ಹೋಗಿ ಸಾಲು ಸಾಲಿಗೂ ಚೆಲ್ಲಿ ಬರ್ತಿದ್ನಿ" ಎಂದಳು.

"ಪೈಪ ತುಳೀತೀರಿ ಅಂದೆಲ್ಲ ನೀನು?"

"ನಿಮಗ ಅಂದೆ. ನನಗ ಗೊತ್ತೈತಿ ಎಲ್ಲಿ ಕಾಲಿಡಬೇಕಂತ."

ಗುಂಡಿ ಉಜ್ಜಿದೆ. ಹುಳು ಒಂದು ಉಗುರಿನ ಸಂದಿಗೆ ಹೊಕ್ಕಿತ್ತು. ಥೂ.

೨೯ ಅಕ್ಟೋಬರ್, ಬುಧವಾರ

ಇವತ್ತು ಅಕ್ಬರಸಾಬನಿಗೆ ಚೆನ್ನಾಗಿ ಬೈದೆ. ಮಣ್ಣು ಹತ್ತಿದ, ತಿರುಪು ಬಿಚ್ಚುವ ಪಾನವನ್ನು ಡ್ರಮ್ಮಿನ ಮುಚ್ಚಳದ ಮೇಲೆ ಇಟ್ಟಿದ್ದ. ಅಲ್ಲಿಂದ ಮಣ್ಣು ಒಳಗೆ ಬಿದ್ದರೆ ಯಾರ ಪೈಪು ಕಟ್ಟುವುದು, ಅವನಪ್ಪನದೇ? "ತಪ್ಪಾತ್ರಿ ಯವ್ವಾ, ದೇವರ ಕ್ವಾಣಿ ಅಂತ ಗೊತ್ತಿರಲಿಲ್ಲ" ಎಂದು ಹಲ್ಲು ಕಿಸಿದ. ಡ್ರಮ್ಮಿನ ಬಾಯಿಗೆ ನನ್ನ ಹಳೇ ಇಳಕಲ್ ಸೀರೆಯ ತುಂಡು ಕಟ್ಟಿದ್ದೇನೆ, ಸೋಸಿಕೊಂಡು ಇಳಿಯಲಿ ಎಂದು. ಶಾಂಭವಿ ಗೊಬ್ಬರವನ್ನು ಗಡಿಬಿಡಿಯಲ್ಲಿ ಕಲಸುತ್ತಾಳೆ, ತಳದಲ್ಲಿ ಹರಳು ಉಳಿಯುತ್ತದೆ. ಅಂಬಲಿ ಕಲಸಿದ ಹಾಗೆ ಮೊದಲು ಸ್ವಲ್ಪ ನೀರಲ್ಲಿ ಕದಡಿ ಆಮೇಲೆ ಉಳಿದ ನೀರು ಬೆರೆಸಬೇಕು ಎಂದು ಎಷ್ಟು ಹೇಳಿದರೂ ಅಷ್ಟೇ. ಈಗಿನ ಹುಡುಗಿಯರಿಗೆ ತಾಳ್ಮೆಯಿಲ್ಲ. ಬಕೆಟ್ಟು ಕಸಿದುಕೊಂಡು ನಾನೇ ಕಲಸಿದೆ.

ಪಾಚಿಯ ನಾತ ಇದ್ದೇ ಇದೆ. ಅಲ್ಲೇ ಕೂತು ಬುತ್ತಿ ಉಂಡೆವು, ಬೇರೆ ನೆರಳಿಲ್ಲ.

ನಡುಹೊಲದಲ್ಲಿ ಬಾಡಿದ ಗಿಡಗಳು ಚಿಗುರಿವೆ. ಕೆಲವು ಸತ್ತೇ ಹೋದವು, ಅಲ್ಲಿ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಉಳಿದವು ಹೂ ಕಟ್ಟಿವೆ. ಕೊಳವೆ ಸರಿಯಾಗಿ ಹೀರುವಾಗ ಒಂದು ಸದ್ದು, ಗಾಳಿ ಎಳೆಯುವಾಗ ಇನ್ನೊಂದು. ಮನೆಯಲ್ಲಿ ಮಲಗಿದರೂ ಕಿವಿಯಲ್ಲಿ ಅದೇ ಕಾಟ.

೫ ನವೆಂಬರ್, ಬುಧವಾರ. ಗೌರಿ ಹುಣ್ಣಿಮೆ

ಹಬ್ಬದ ದಿನ ಹೀಗೆ ಮೈಯುರಿಸಿಕೊಳ್ಳಬಾರದಿತ್ತು. ಸಕ್ಕರೆ ಆರತಿಯ ಅಚ್ಚು ಇಳಿಸುತ್ತ ಕೂತಿದ್ದ ನನ್ನನ್ನು ಎಬ್ಬಿಸಿ ಪ್ರಭು ಹೊಲಕ್ಕೆ ಕರೆದೊಯ್ದ. ಸಣ್ಣಪ್ಪ ಎಲೆಯಡಿಕೆ ಹಿಡಿದು ಅಲ್ಲಿಗೇ ಬಂದಿದ್ದ. ಗಿಡ ನೋಡಿ ಮಾತು ಮುಗಿಸುವುದು, ಎಲೆಯಡಿಕೆ ನಾನು ಕೈಗೆ ತೆಗೆದುಕೊಂಡರೆ ಮುಂದಿನ ಬಿತ್ತನೆಗೆ ಹೊಲ ಅವನದು. ಶಾಂಭವಿ ಬದುವಿನ ಆ ತುದಿಯಲ್ಲಿ ನಿಂತಿದ್ದಳು, ಹತ್ತಿರ ಬರಲಿಲ್ಲ.

ಸಣ್ಣಪ್ಪ ಗಿಡ ನೋಡಿದ, "ಅಡ್ಡಿಯಿಲ್ಲ" ಎಂದ. ನಡುವಿನ ಖಾಲಿ ಜಾಗ ತೋರಿಸಿ, "ಇಲ್ಲೆ ಏನಾತು?" ಎಂದ.

"ಈ ಸಾಮಾನಿನ ಹಣೇಬಾರ," ಎಂದ ಪ್ರಭು. "ಪಾಚಿ ಸಿಕ್ಕರ ನೀರ ಬಂದ್. ಅಷ್ಟ ಇದರ ತಾಕತ್ತು."

ನನಗೆ ತಡೆಯಲಿಲ್ಲ. "ಯಾವ ಪಾಚಿಲೇ? ಪಾಚಿನ್ನ ಫಿಲ್ಟರ್ ತಡೀತೈತಿ. ಅದರ ಕೆಲಸನ ಅದು. ನಾ ಹೋಳಿಗಿ ತುಪ್ಪಾ ಕಲಸಿ ಡ್ರಮ್ಮಿಗೆ ಸುರುವಿದ್ನಿ, ಅದಕ್ಕ ಕಟಗೊಂಡಿತ್ತು. ಹೋಳಿಗಿ ಹಾಕಿದ್ರ ನಿನ್ನ ಮೋಟರ್ ಸೈಕಲ್ ಓಡತೈತೇನು? ಗೊತ್ತಿಲ್ಲದ ಸಾಮಾನಿನ ಮ್ಯಾಲ ಅಪವಾದ ಹೊರಸಬ್ಯಾಡ."

ಪ್ರಭು ಬಾಯಿ ತೆರೆದು ನಿಂತ. ಇಷ್ಟು ದೊಡ್ಡವನಿಗೆ ಇಷ್ಟು ತಿಳಿಯುವುದಿಲ್ಲ.

ಅಷ್ಟರಲ್ಲಿ ಸಣ್ಣಪ್ಪ ಡ್ರಮ್ಮಿನ ಹತ್ತಿರ ಹೋದ. ನಾನು ಕಟ್ಟಿದ್ದ ಅರಿವೆ ಬಿಚ್ಚಿ ಬದಿಗೆ ಎಸೆದ. ಅಂಗೈಯಲ್ಲಿ ತಂಬಾಕು ಸುಣ್ಣ ತಿಕ್ಕಿ ಬಾಯಿಗೆ ಹಾಕಿಕೊಂಡು, ಅದೇ ಕೈಯನ್ನು, ಅದೇ ಕೈಯನ್ನು, ಮುಂಜಾನೆ ನಾನು ಸೋಸಿಟ್ಟ ನೀರಿಗೆ ಅದ್ದಿ ಚಳಚಳ ತೊಳೆದುಕೊಂಡ.

"ಕೈ ತೆಗಿಯೋ!" ಎಂದು ನಾನು ಕಿರುಚಿದ್ದು ಹಾದಿಯವರೆಗೂ ಕೇಳಿತಂತೆ.

"ಯಾಕಬೇ, ಗೊಬ್ಬರದ ನೀರಲ್ಲೇನು? ಹೊಲಸಿಗೆ ಹೊಲಸು."

"ಹೊಲಸು ಅದರಾಗಿಲ್ಲ, ನಿನ್ನ ಕೈಯಾಗೈತಿ. ಹೋಗು, ಹೊಂಡಕ್ಕ ಹೋಗಿ ತೊಳಕೊ."

ಅವನು ನಕ್ಕ. "ತೊಳಕೊಳ್ಳೂದೇನ ಬಿಡು. ಹೊಲಾ ನನ್ನ ಕೈಗೆ ಬಂದ್ರ ಇವನ್ನೆಲ್ಲಾ ಕಿತ್ತ ಬದುವಿಗೆ ಒಗೀತೇನಿ. ತಗೋ ಎಲಿ." ಒದ್ದೆ ಕೈಯಲ್ಲೇ ಎಲೆಯಡಿಕೆ ಚಾಚಿದ. ಬೆರಳ ಸಂದಿಯಲ್ಲಿ ತಂಬಾಕಿನ ಚೂರು ಅಂಟಿತ್ತು.

ಅದನ್ನು ಯಾರು ಮುಟ್ಟುತ್ತಾರೆ? ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಅವನು ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತ. ಪ್ರಭು "ಯವ್ವಾ" ಎಂದ, ಮತ್ತೊಮ್ಮೆ "ಯವ್ವಾ" ಎಂದ. ನಾನು ಮೋಟಾರಿನ ಕಡೆ ನೋಡುತ್ತಿದ್ದೆ. ಸಣ್ಣಪ್ಪ ಎಲೆಯಡಿಕೆಯನ್ನು ಜೇಬಿಗಿಟ್ಟುಕೊಂಡು, ಮುದುಕಿಗೆ ತಲೆ ಕೆಟ್ಟಿದೆ ಎಂದು ಗೊಣಗುತ್ತ ಗಾಡಿ ಏರಿ ಹೋದ.

ಮನೆಗೆ ಬಂದ ಮೇಲೆ ಪ್ರಭು ಮಾತು ಮುರಿದೆ ಎನ್ನುತ್ತಾನೆ. ನಾನು ಏನು ಮುರಿದೆ? ಲಾವಣಿಯ ಮಾತನ್ನೇ ಆಡಲಿಲ್ಲ. ಗಿಡ ನೋಡುತ್ತೇನೆ ಎಂದಿದ್ದೆ, ನೋಡಿದೆ. ಕೈ ತೊಳೆದುಕೋ ಎಂದೆ, ಅಷ್ಟೇ. ಅಷ್ಟೂ ತಿಳಿಯದವನ ಕೈಗೆ ಹೊಲ ಕೊಡುವುದು ಹೇಗೆ? ನಂದಾಳಿಗೆ ನಾಳೆ ಬರೆಯಬೇಕು, ಈ ಊರಲ್ಲಿ ಎಂಥೆಂಥವರಿದ್ದಾರೆ ಎಂದು.

ಸಣ್ಣಪ್ಪ ಅತ್ತ ಹೋದ ಕೂಡಲೇ ಆ ನೀರು ಅಷ್ಟನ್ನೂ ಬದುವಿನಾಚೆ ಚೆಲ್ಲಿದ್ದೆ. ಡ್ರಮ್ಮನ್ನು ಮಲಗಿಸಿ, ಒಳಗೆ ಭುಜದವರೆಗೆ ಕೈ ಹಾಕಿ ಬೂದಿಯಿಂದ ತಿಕ್ಕಿದೆ. ಶಾಂಭವಿ ಯಾವಾಗಲೋ ಬಂದು ಡ್ರಮ್ಮು ಉರುಳದ ಹಾಗೆ ಆ ಕಡೆಯಿಂದ ಹಿಡಿದುಕೊಂಡಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಡ್ರಮ್ಮಿನೊಳಗೆ ತಲೆ ಇಟ್ಟವಳಿಗೆ ಕಾಣಲಿಲ್ಲ.

"ಸಾಕ ಬರ್ರಿ ಅತ್ತಿ," ಎಂದಳು. "ಆರತಿ ಹೊತ್ತಾತು. ಸ್ವಚ್ಛ ಆಗೇತಿ."

"ನೀ ನಡಿ," ಎಂದೆ. "ಇನ್ನೂ ಅವನ ತಂಬಾಕಿನ ನಾತ ಹೋಗಿಲ್ಲ."